ದಾಖಲೆಯಲ್ಲಿಲ್ಲದ ಕಿಟಕಿ

ನಮ್ಮ ಕಚೇರಿಯಲ್ಲಿ ಅವರಿಗೆ ಅರ್ಧ ಅಡಿ ಮೇಡಂ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಆದರೆ ಅವರಿಗೆ ಗೊತ್ತಿತ್ತು. ಮನೆ ಕಟ್ಟಲು ಹೊರಟವರು ತಂದುಕೊಟ್ಟ ನಕ್ಷೆಯಲ್ಲಿ ಮೆಟ್ಟಿಲು ಅರ್ಧ ಅಡಿ ಕಿರಿದಾದರೂ, ಗೋಡೆ ಪಕ್ಕದವರ ಎಲ್ಲೆಗೆ ಅರ್ಧ ಅಡಿ ಹತ್ತಿರ ಬಂದರೂ ಕೆಂಪು ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ ವಾಪಸು ಕಳಿಸುತ್ತಿದ್ದರು. ಜನ ಹೊರಗೆ ನಿಂತು ಹಿಡಿಶಾಪ ಹಾಕುತ್ತಿದ್ದರು. ಆ ಶಾಪವೆಲ್ಲ ಮೊದಲು ಬೀಳುತ್ತಿದ್ದದ್ದು ನನ್ನ ಕಿವಿಗೆ. ಟಪಾಲು ಮೇಜು ಬಾಗಿಲ ಪಕ್ಕದಲ್ಲೇ ಇದೆ, ಆ ಮೇಜಿನ ಗುಮಾಸ್ತ ನಾನು. ಬಂದ ನಕ್ಷೆಗೆ ನಂಬರು ಹಾಕುವುದು, ಸೀಲು ಒತ್ತುವುದು, ಅಕ್ಕಪಕ್ಕದ ಮನೆಯವರಿಗೆ ನೋಟಿಸು ಕಳಿಸುವುದು ನನ್ನ ಕೆಲಸ. ಕೋಪ ಮೂಗಿನ ತುದಿಯಲ್ಲೇ ಇರುವ ನನ್ನಂಥವನನ್ನು ಬಾಗಿಲ ಹತ್ತಿರ ಕೂರಿಸಿದ ಪುಣ್ಯಾತ್ಮರು ಯಾರೋ ತಿಳಿಯದು.

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನನಗಿಂತ ನಾಲ್ಕು ವರ್ಷ ದೊಡ್ಡವರು. ಮೊದಲ ವಾರವೇ ನಾನು ಯಾರದೋ ಮೇಲೆ ರೇಗಿ ಕಡತವನ್ನು ನೆಲಕ್ಕೆ ಬಡಿದಾಗ ಬಂದು ಹಾಳೆಗಳನ್ನೆಲ್ಲ ಆರಿಸಿ ಕೊಟ್ಟು, "ಇದರಲ್ಲಿ ಒಬ್ಬರ ಮನೆ ಇದೆ ಕಣಪ್ಪ, ಹೀಗೆಲ್ಲ ಎತ್ತಿ ಹಾಕಬಾರದು" ಎಂದಿದ್ದರು. ಅಂದಿನಿಂದ ಅಕ್ಕ.

ಅವರು ನಕ್ಷೆ ನೋಡುವ ಬಗೆಯೇ ಬೇರೆ. ಹಾಳೆಯನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, ತೋರುಬೆರಳನ್ನು ರಸ್ತೆಯ ಗೆರೆಯ ಮೇಲೆ ಇಡುತ್ತಿದ್ದರು. ಬೆರಳು ಗೇಟು ತೆರೆದು ಒಳಗೆ ನಡೆಯುತ್ತಿತ್ತು. ಜೊತೆಗೆ ತುಟಿಯೂ ಅಲುಗುತ್ತಿತ್ತು. "ಕೈಯಲ್ಲಿ ಎರಡು ಚೀಲ ಇವೆ. ಬಾಗಿಲು ತಳ್ಳಿದೆ. ಮೆಟ್ಟಿಲು ಹತ್ತಿದೆ. ಅಯ್ಯೋ, ತಲೆ ತಾಗ್ತು." ಅಲ್ಲಿ ಕೆಂಪು ಸುತ್ತು ಬೀಳುತ್ತಿತ್ತು. ಮಲಗುವ ಕೋಣೆಗೆ ಹೋದರೆ ಬೆರಳನ್ನು ಅಡ್ಡ ಮಲಗಿಸಿ, ಬೆಳಗ್ಗೆ ಎದ್ದಾಗ ಬೆಳಕು ಎಲ್ಲಿಂದ ಬರುತ್ತದೆ ಎಂದು ನೋಡುತ್ತಿದ್ದರು. ಕಿಟಕಿಯಿಲ್ಲದ ಕೋಣೆ ಸಿಕ್ಕಿದರೆ ಅವರ ಮುಖ ಸಿಂಡರಿಸಿಕೊಳ್ಳುತ್ತಿತ್ತು. ಊರಿನ ಅರ್ಧ ಮನೆಗಳಲ್ಲಿ ಅವರು ಹೀಗೆ ಬೆರಳಿನಲ್ಲೇ ಓಡಾಡಿ ಬಂದಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ಅವರು ಕಲ್ಲು. ತಪ್ಪು ಎಲ್ಲಿದೆ ಎಂದು ತೋರಿಸುತ್ತಿದ್ದರೇ ಹೊರತು ಅದನ್ನು ಹೇಗೆ ಸರಿಮಾಡಬೇಕು ಎಂದು ಯಾರಿಗೂ ಹೇಳುತ್ತಿರಲಿಲ್ಲ. ಮುದುಕರೊಬ್ಬರು ಮೂರನೆಯ ಸಲ ನಕ್ಷೆ ವಾಪಸು ತೆಗೆದುಕೊಂಡು ಅಳುಮೋರೆ ಹಾಕಿದಾಗ ನನಗೆ ತಡೆಯಲಾಗಲಿಲ್ಲ.

"ಅಕ್ಕ, ಒಂದು ಗೆರೆ ಎಳೆದು ಕೊಟ್ರೆ ನಿಮ್ಮ ಗಂಟೇನು ಹೋಗತ್ತೆ?"

"ನಾನು ಎಳೆದ ಗೆರೆ ನಾಳೆ ನನ್ನ ಮೇಜಿಗೇ ಬರತ್ತೆ. ಪರೀಕ್ಷೆ ಬರೆದೋರೇ ಮಾರ್ಕ್ಸ್ ಹಾಕಿಕೊಂಡ ಹಾಗಾಗತ್ತೆ. ಅದೂ ಅಲ್ದೆ, ಪಾಸ್ ಮಾಡೋಳು ಹಿಂಗೆ ಕಟ್ಟಿ ಅಂದ್ರೆ ಯಾರಾದ್ರೂ ಬೇಡ ಅಂತಾರಾ? ಇಷ್ಟ ಇಲ್ಲದಿದ್ರೂ ಹೂಂ ಅಂತಾರೆ. ಮನೆ ಅವರದು, ಜೀವಮಾನ ಇಡೀ ಅವರು ಅದರಲ್ಲಿ ಇರಬೇಕು."

ಕಡ್ಡಿ ಮುರಿದ ಹಾಗೆ ಹೇಳಿ ಮುಂದಿನ ನಕ್ಷೆ ಬಿಚ್ಚಿದರು. ಸರಿಯಾದ ಮಾತೇ. ಸರಿಯಾದ ಮಾತು ಕೇಳಿದರೆ ನನಗೆ ಇನ್ನೂ ಜಾಸ್ತಿ ಸಿಟ್ಟು ಬರುತ್ತದೆ.

ಅವರ ಗಂಡ ಗಾರೆ ಮೇಸ್ತ್ರಿ. ಆಫೀಸಿನಲ್ಲಿ ಕೂತು ಕೆಲಸ ಮಾಡುವ ಹೆಣ್ಣು ಸಿಮೆಂಟು ಕೈಯವನನ್ನು ಮದುವೆಯಾದಳು ಎಂದು ಅವರ ತವರಿನವರು ವರ್ಷಗಟ್ಟಲೆ ಮುಖ ಊದಿಸಿಕೊಂಡಿದ್ದರಂತೆ. ಇವರಿಬ್ಬರ ಪರಿಚಯವಾದದ್ದೂ ಅರ್ಧ ಅಡಿಯಿಂದಲೇ. ಯಾರದೋ ನಕ್ಷೆಯಲ್ಲಿ ಕೋಣೆ ಅರ್ಧ ಅಡಿ ಕಡಿಮೆಯಾಗಿ ಕೆಲಸ ನಿಂತಿತ್ತು. ಮೇಸ್ತ್ರಿ ಜಗಳಕ್ಕೇ ಬಂದರು.

"ಅಲ್ರೀ ಅಮ್ಮ, ಗೋಡೆ ಕಟ್ಟೋನಿಗೆ ಅರ್ಧ ಅಡಿ ಅಂದ್ರೆ ಯಾವ ಲೆಕ್ಕ?"

"ಮಲಗೋನಿಗೆ ಅದು ಕಾಲು ಚಾಚೋ ಜಾಗ. ನಿಮ್ಮ ಎತ್ತರ ಎಷ್ಟು? ಆ ಕೋಣೇಲಿ ಅಡ್ಡ ಮಲಗಿ ತೋರಿಸಿ, ಪಾಸ್ ಮಾಡ್ತೀನಿ."

ಮೇಸ್ತ್ರಿ ಆರು ಅಡಿಯ ಆಳು. ತಲೆ ಕೆರೆದುಕೊಂಡು ಹೋದವರು ಮರುವಾರ ಕೆಲಸವಿಲ್ಲದಿದ್ದರೂ ಬಂದರು, ಅದರ ಮರುವಾರವೂ ಬಂದರು. ಆಮೇಲೆ ನನಗೆ ಭಾವ ಆದರು. ಹೆಂಡತಿಯನ್ನು ಅವರು ಆಫೀಸರಮ್ಮ ಎಂದೇ ಕರೆಯುತ್ತಿದ್ದದ್ದು. ಮಕ್ಕಳಾಗಲಿಲ್ಲ. ಇಬ್ಬರೂ ಸಂಜೆ ಕೂತು ಊರಿನ ಮನೆಗಳ ಬಗ್ಗೆ ವಾದ ಮಾಡುತ್ತಿದ್ದರು. ಇವರು ಕಾಗದದಲ್ಲಿ ಕಂಡದ್ದು, ಅವರು ಇಟ್ಟಿಗೆಯಲ್ಲಿ ಕಟ್ಟಿದ್ದು. ಎಷ್ಟು ಮಾತಾಡಿದರೂ ಮುಗಿಯುತ್ತಿರಲಿಲ್ಲ.

ಅವರು ಕೊಂಡದ್ದು ಹಳೆಯ ಮನೆ. ಮುಂಬಾಗಿಲು ಹಿಂದಿನ ಓಣಿಗೆ ತೆರೆಯುತ್ತಿತ್ತು. ಮಲಗುವ ಕೋಣೆಯ ಗೋಡೆ ಎಲ್ಲೆಯ ಮೇಲೇ ನಿಂತಿತ್ತು, ಅದರಾಚೆ ಒಂದು ಖಾಲಿ ನಿವೇಶನ, ನಿವೇಶನದಾಚೆ ದೊಡ್ಡ ರಸ್ತೆ, ಬಸ್ ನಿಲ್ದಾಣ. ಕೋಣೆಗೆ ಕಿಟಕಿ ಇರಲಿಲ್ಲ. ಒಂದು ದಿನ ಅಕ್ಕ ಕಚೇರಿಗೆ ಹೊರಡುವ ಗಡಿಬಿಡಿಯಲ್ಲಿ, "ಬೆಳಗಾದ್ರೂ ಈ ಕೋಣೇಲಿ ಬಾಚಣಿಗೆ ಕಣ್ಣಿಗೆ ಬೀಳಲ್ಲ ನೋಡಿ" ಎಂದು ಗೊಣಗಿದರಂತೆ. ಸಂಜೆ ಮನೆಗೆ ಬಂದಾಗ ಗೋಡೆಯಲ್ಲಿ ನಾಲ್ಕು ಅಡಿ ಅಗಲದ ತೂತು. ಭಾವ ಧೂಳಿನಲ್ಲಿ ಮಿಂದು ನಿಂತಿದ್ದರು, ಮರದ ಚೌಕಟ್ಟು, ಕಬ್ಬಿಣದ ಸರಳು ಎಲ್ಲ ತಂದಾಗಿತ್ತು.

"ಅರ್ಜಿ ಹಾಕದೆ ಗೋಡೆ ಒಡೆದ್ರಾ? ನಾನು ಯಾರು ಅಂತ ಮರೆತುಹೋಯ್ತಾ ನಿಮಗೆ?"

"ನೀನು ಯಾರು ಅಂತ ಗೊತ್ತಿರೋದಕ್ಕೇ ಒಡೆದದ್ದು ಕಣೇ. ಕೇಳಿದ್ರೆ ಎರಡು ವರ್ಷ ಮಾಡ್ತಿದ್ದೆ. ಈಗ ಹಾಕು ಅರ್ಜಿ."

ಅಕ್ಕ ಅರ್ಜಿ ನಮೂನೆ ತಂದದ್ದು ನಿಜ, ಅರ್ಧ ತುಂಬಿದ್ದೂ ನಿಜ. ಆಮೇಲೆ ಕೈ ನಿಂತಿತು. ಊರಿನ ಎಲ್ಲ ಅರ್ಜಿಯೂ ಬರುವುದು ಒಂದೇ ಮೇಜಿಗೆ, ಆ ಮೇಜು ಅವರದು. ಮೇಲಿನ ಸಾಹೇಬರು ಅಕ್ಕನ ಸಹಿ ಇದ್ದರೆ ಕಣ್ಣುಮುಚ್ಚಿ ತಮ್ಮ ಸಹಿ ಹಾಕುವವರು. ತನ್ನ ಕಿಟಕಿಯನ್ನು ತಾನೇ ಪಾಸ್ ಮಾಡಿಕೊಳ್ಳುವುದು ಹೇಗೆ? ನಾನು ಕೇಳಿದಾಗಲೆಲ್ಲ ಅದೇ ಉತ್ತರ.

"ನನಗೆ ವರ್ಗ ಆಗಿ ಬೇರೆ ಯಾರಾದ್ರೂ ಈ ಮೇಜಿಗೆ ಬರಲಿ. ಬಂದ ದಿನವೇ ಹಾಕ್ತೀನಿ."

ಹತ್ತೊಂಬತ್ತು ವರ್ಷ ಕಳೆದರೂ ಯಾರೂ ಬರಲಿಲ್ಲ. ಅರ್ಧ ಅಡಿ ಮೇಡಂ ಮನೆಯಲ್ಲೇ ನಾಲ್ಕು ಅಡಿಯ ಅಕ್ರಮ ಕಿಟಕಿ. ನಾನು ಇದನ್ನು ಹೇಳಿ ಎಷ್ಟೋ ಸಲ ರೇಗಿಸಿದ್ದೇನೆ. ಅವರು ನಗುತ್ತಿರಲಿಲ್ಲ. ನಿಜವಾಗಿಯೂ ನಾಚಿಕೊಳ್ಳುತ್ತಿದ್ದರು.

ಕಿಟಕಿ ಇಟ್ಟ ಹದಿನೈದನೆಯ ವರ್ಷ ಭಾವ ಬಿದ್ದರು. ಎರಡನೇ ಮಹಡಿಯಲ್ಲಿ ನಿಂತು ಕೆಲಸ ಮಾಡುತ್ತಿದ್ದ ಹಲಗೆ ಜಾರಿತು. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಆಸ್ಪತ್ರೆಯಿಂದ ಕರೆತಂದಾಗ ಅವರು ಕೇಳಿದ್ದು ಒಂದೇ, ಮಂಚವನ್ನು ಕಿಟಕಿಯ ಕೆಳಗೆ ಹಾಕಿ ಎಂದು. ನಾನೂ ಸಾಹೇಬರ ಡ್ರೈವರೂ ಸೇರಿ ಮಂಚ ಎಳೆದೆವು.

ಆ ಕಿಟಕಿಯೇ ಅವರಿಗೆ ಊರಾಯಿತು. ಖಾಲಿ ನಿವೇಶನದಲ್ಲಿ ಯಾರು ಬಟ್ಟೆ ಒಣಹಾಕಿದರು, ಯಾವ ನಾಯಿ ಮರಿ ಹಾಕಿತು, ಎಷ್ಟನೇ ನಂಬರಿನ ಬಸ್ಸು ಎಷ್ಟು ತಡವಾಗಿ ಬಂತು, ಎಲ್ಲ ಅವರ ಬಾಯಲ್ಲಿ. ಸಂಜೆ ಐದು ನಲವತ್ತಕ್ಕೆ ಅಕ್ಕ ಬಸ್ಸಿಳಿಯುತ್ತಿದ್ದರು. ಮಂಚದಿಂದ ಓರೆಯಾಗಿ ನೋಡಿದರೆ ನಿಲ್ದಾಣ ಕಾಣುತ್ತಿತ್ತು. ಅಕ್ಕನ ಸೀರೆಯ ಅಂಚು ಕಂಡ ಕೂಡಲೇ ಭಾವ ದಿಂಬಿನ ಪಕ್ಕದಲ್ಲಿಟ್ಟುಕೊಂಡಿದ್ದ, ಗಾರೆ ಮೆತ್ತುವ ಹಳೇ ಕರಣೆಯಿಂದ ಕಿಟಕಿಯ ಸರಳನ್ನು ಬಡಿಯುತ್ತಿದ್ದರು. ಟಣ್, ಟಣ್. ಕೆಲಸ ಮುಗಿಯಿತು, ಇಳಿದು ಬನ್ನಿ ಎಂದು ಮೇಸ್ತ್ರಿಗಳು ಆಳುಗಳನ್ನು ಕರೆಯುವುದು ಹಾಗೆಯೇ. ಒಂದೆರಡು ಸಲ ನಾನೂ ಅಕ್ಕನ ಜೊತೆ ಇಳಿದಿದ್ದೇನೆ. ಆ ಸದ್ದು ಕೇಳಿದರೆ ದಿನವಿಡೀ ಜನರ ಬೈಗುಳ ತಿಂದ ಹೆಂಗಸಿನ ನಡಿಗೆಯೇ ಬದಲಾಗುತ್ತಿತ್ತು. ಹುಡುಗಿಯ ಹಾಗೆ ಖಾಲಿ ಜಾಗವನ್ನು ಅಡ್ಡ ಹಾಯ್ದು ಸರಸರ ನಡೆಯುತ್ತಿದ್ದರು. ನಾನು ಹಿಂದೆ ಉಳಿಯುತ್ತಿದ್ದೆ.

ಆ ಖಾಲಿ ಜಾಗದ ನಕ್ಷೆ ನನ್ನ ಮೇಜಿಗೆ ಬಂದದ್ದು ಒಂದು ಸೋಮವಾರ. ತಂದವರು ಶಾಲೆಯ ಟೀಚರ್, ಗಂಡನಿಲ್ಲ, ಇಬ್ಬರು ಹೆಣ್ಣುಮಕ್ಕಳು. "ಏಳು ಬಾಡಿಗೆ ಮನೆ ಆಯ್ತು ಸರ್, ಇನ್ನು ಸಾಮಾನು ಕಟ್ಟೋಕೆ ನನ್ನ ಕೈಲಾಗಲ್ಲ" ಎಂದು ಕೇಳದೆಯೇ ಹೇಳಿಕೊಂಡರು. ನಾನು ಸೀಲು ಒತ್ತಿ ನಿವೇಶನದ ನಂಬರು ಓದಿದೆ. ಮತ್ತೊಮ್ಮೆ ಓದಿದೆ.

ನಿಯಮ ನಮ್ಮಲ್ಲಿ ಚಿಕ್ಕದು. ಪಕ್ಕದ ಮನೆಯ ಗೋಡೆಯಲ್ಲಿ ಕಿಟಕಿ ಇದ್ದರೆ ಹೊಸ ಕಟ್ಟಡ ಆರು ಅಡಿ ದೂರ ಇರಬೇಕು, ಬರೀ ಗೋಡೆಯಾದರೆ ಮೂರಡಿ ಸಾಕು. ಕಿಟಕಿ ಇದೆಯೋ ಇಲ್ಲವೋ ಎಂದು ನೋಡುವುದು ಕಣ್ಣಿನಿಂದ ಅಲ್ಲ, ಕಚೇರಿಯ ದಾಖಲೆಯಿಂದ. ನಕ್ಷೆ ಬರೆದವನು ದಾಖಲೆ ತೆಗೆಸಿ ನೋಡಿದ್ದಾನೆ, ಅಕ್ಕನ ಗೋಡೆಯ ಮೇಲೆ ಅಚ್ಚುಕಟ್ಟಾಗಿ ಬರೆದಿದ್ದಾನೆ, ಕಿಟಕಿಯಿಲ್ಲದ ಗೋಡೆ ಎಂದು. ಅದಕ್ಕೆ ಸರಿಯಾಗಿ ಮೂರಡಿ ಬಿಟ್ಟು, ಅದೇ ಮೂಲೆಗೆ ಮೆಟ್ಟಿಲ ಗೋಡೆ ಎತ್ತಿದ್ದಾನೆ. ಕಿಟಕಿ ದಾಖಲೆಯಲ್ಲಿ ಇದ್ದಿದ್ದರೆ ಮೆಟ್ಟಿಲು ಆಚೆ ಬದಿಗೆ ಹೋಗುತ್ತಿತ್ತು, ಈ ಮೂಲೆ ಅಂಗಳವಾಗುತ್ತಿತ್ತು, ಬಸ್ ನಿಲ್ದಾಣ ಕಾಣುತ್ತಲೇ ಇರುತ್ತಿತ್ತು.

ಅಕ್ಕನ ಮೇಜಿಗೆ ನಾನೇ ಒಯ್ದೆ. ಅವರು ಕಲ್ಲುಗಳನ್ನಿಟ್ಟು ಬೆರಳನ್ನು ರಸ್ತೆಯ ಮೇಲಿಟ್ಟರು. ಗೇಟು ತೆರೆದರು. ಒಳಗೆ ಓಡಾಡಿದರು. ಮೆಟ್ಟಿಲು ಹತ್ತಿ ಇಳಿದರು. ತುಟಿ ಅಲುಗಲಿಲ್ಲ. ಅರ್ಧ ಗಂಟೆಯಾದರೂ ಕೆಂಪು ಪೆನ್ಸಿಲು ಕೈಗೆ ಬರಲಿಲ್ಲ.

"ಒಂದು ತಪ್ಪೂ ಇಲ್ಲ ಕಣಪ್ಪ" ಎಂದರು. ಅವರ ದನಿ ಅಷ್ಟು ಸಣ್ಣದಾಗಿದ್ದದ್ದು ನಾನು ಕೇಳಿರಲಿಲ್ಲ.

"ಅಕ್ಕ, ಒಂದು ಹಾಳೆ ಕಳೆದುಹೋದ್ರೆ ಆರು ತಿಂಗಳು ತಳ್ಳಬಹುದು. ಕಳೆಯೋದು ನನಗೆ ಬಿಡಿ. ಅಷ್ಟರಲ್ಲಿ ಕಿಟಕಿ ಅರ್ಜಿ ಹಾಕಿ, ಸಾಹೇಬರು ಸಹಿ ಹಾಕ್ತಾರೆ."

ಅವರು ಕತ್ತೆತ್ತಿ ನೋಡಿದರು. "ಏಳು ಬಾಡಿಗೆ ಮನೆ ಅಂದಳು ಅಂತ ಈಗ ತಾನೇ ನೀನೇ ಹೇಳಿದೆ. ಎಂಟನೇದಕ್ಕೆ ನೀನೇ ಗಾಡಿ ಮಾಡಿ ಸಾಮಾನು ಸಾಗಿಸ್ತೀಯಾ?"

ನಾನು ನನ್ನ ಮೇಜಿಗೆ ಬಂದು, ಆ ಸಂಜೆ ಏನೂ ಮಾಡದ ನಾಲ್ಕು ಜನರ ಮೇಲೆ ರೇಗಿದೆ.

ಹೊಸ ಕಟ್ಟಡ ಬಂದರೆ ಅಕ್ಕಪಕ್ಕದವರಿಗೆ ನೋಟಿಸು ಹೋಗಬೇಕು. ತಕರಾರಿದ್ದರೆ ಹದಿನಾಲ್ಕು ದಿನದೊಳಗೆ ಹೇಳಬೇಕು, ಆಮೇಲೆ ಸಮಿತಿ ಕೂತು ತೀರ್ಮಾನ ಮಾಡುತ್ತದೆ. ನಾಲ್ಕು ನೋಟಿಸಿನ ಮೇಲೆ ನಾನು ವಿಳಾಸ ಬರೆದೆ. ಅದರಲ್ಲಿ ಒಂದು ಅಕ್ಕನ ಮನೆಯದು. ಕೈಯಲ್ಲೇ ಕೊಡಲೇ ಎಂದರೆ ಬೇಡ, ಎಲ್ಲರಿಗೂ ಅಂಚೆಯಲ್ಲಿ ಹೋದ ಹಾಗೆ ಹೋಗಲಿ ಎಂದರು. ಸಹಿ ಮಾಡಬೇಕಾದವರು ಅವರೇ, ಮಾಡಿದರು. ಮೂರನೆಯ ದಿನ ಅಂಚೆಯವನು ಅದನ್ನು ಕಿಟಕಿಯ ಸರಳಿನ ನಡುವೆ ಭಾವನ ಕೈಗೆ ಕೊಟ್ಟ. ಮನೆಯಲ್ಲಿ ಹೇಳಲು ಅಕ್ಕನಿಗೆ ಆ ಮೂರು ದಿನವೂ ಬಾಯಿ ಬಂದಿರಲಿಲ್ಲ.

ಅಂದು ಸಂಜೆ ಅಕ್ಕ ಬಸ್ಸಿಳಿದಾಗ ಟಣ್ ಟಣ್ ಕೇಳಲಿಲ್ಲವಂತೆ. ಅಡ್ಡ ಹಾಯುತ್ತಾ ಅರ್ಧ ದಾರಿಯಲ್ಲೇ ಕಾಲು ನಿಂತಿತಂತೆ. ಒಳಗೆ ಹೋದರೆ ಭಾವ ಕಾಗದ ಹಿಡಿದು ಕನ್ನಡಕ ಹಾಕಿಕೊಂಡು ಕೂತಿದ್ದಾರೆ.

"ಆಫೀಸಿಂದ ಕಾಗದ ಬಂದಿದೆ ಆಫೀಸರಮ್ಮ. ಸಹಿ ಮಾತ್ರ ಬಹಳ ಚೆನ್ನಾಗಿದೆ."

ಅಕ್ಕ ಮಂಚದ ಮೇಲೆ ಕುಸಿದು ಕೂತರಂತೆ.

"ಪ್ಲಾನ್ ಹೇಗಿದೆ?"

"ಚೆನ್ನಾಗಿದೆ. ತಪ್ಪಿಲ್ಲ."

"ತಪ್ಪಿಲ್ಲ ಅಂದ್ಮೇಲೆ ಅಳು ಯಾಕೆ? ಬಂದ ತಕ್ಷಣ ಬಡಿಯೋದು ಮರೆತೆ ನೋಡು" ಎಂದು ಕರಣೆ ಎತ್ತಿ ಎರಡು ಸಲ ಬಡಿದರಂತೆ. ಇದನ್ನು ಮಾರನೆಯ ದಿನ ನನಗೆ ಹೇಳುವಾಗ ಅಕ್ಕ ಊಟದ ಡಬ್ಬಿಯ ಮುಚ್ಚಳ ತೆರೆದು ಹಾಗೇ ಇಟ್ಟಿದ್ದರು. ಮುಚ್ಚಳ ಹಾಕಿ ಮನೆಗೆ ವಾಪಸು ಒಯ್ದರು.

ಸಮಿತಿ ಕೂತ ದಿನ ಅಕ್ಕ ತಮ್ಮ ಕುರ್ಚಿಯಲ್ಲಿ ಕೂರಲಿಲ್ಲ. ಪಕ್ಕದ ಮನೆಯವಳು ಈ ಕಡತ ನೋಡುವ ಹಾಗಿಲ್ಲ ಎಂದು ಬರೆದುಕೊಟ್ಟು, ಸಾರ್ವಜನಿಕರು ಕೂರುವ ಬೆಂಚಿನ ಮೇಲೆ ಟೀಚರ ಪಕ್ಕದಲ್ಲೇ ಕೂತರು. ಮಡಿಲಲ್ಲಿ ಕೈಚೀಲ, ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಹೆಸರು ಕೂಗಿದಾಗ ಎದ್ದು ನಿಂತರು.

"ಆ ಗೋಡೇಲಿ ಕಿಟಕಿ ಇದೆ ಸರ್. ಅನುಮತಿ ಇಲ್ಲ. ಹತ್ತೊಂಬತ್ತು ವರ್ಷದಿಂದ ಇದೆ. ಅರ್ಜಿ ಹಾಕದೆ ಇದ್ದದ್ದು ನನ್ನ ತಪ್ಪು. ಇದು ನಡಾವಳಿಯಲ್ಲಿ ಬರಲಿ."

ಸಾಹೇಬರು ಮುಜುಗರದಿಂದ ಕೆಮ್ಮಿದರು. "ಅಂದ್ರೆ ನಿಮ್ಮದು ಆಕ್ಷೇಪಣೆ ಅಂತ ಬರೆದುಕೊಳ್ಳೋಣವಾ?"

"ಇಲ್ಲ ಸರ್. ಆಕ್ಷೇಪಣೆ ಇಲ್ಲ."

ಟೀಚರಿಗೆ ತಲೆಬುಡ ತಿಳಿಯಲಿಲ್ಲ. ಗಾಬರಿಯಾಗಿ ಅಕ್ಕನ ತೋಳು ಹಿಡಿದರು. "ನನ್ನಿಂದ ಏನಾದ್ರೂ ತಪ್ಪಾಯ್ತಾ ಮೇಡಂ? ಏನಾದ್ರೂ ಬದಲಾಯಿಸಬೇಕಿದ್ರೆ ಹೇಳಿ."

ಅಕ್ಕ ಕೈಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು. "ನಿಮ್ಮ ಪ್ಲಾನಲ್ಲಿ ತಪ್ಪಿಲ್ಲಮ್ಮ. ಏನೂ ಬದಲಾಯಿಸೋದು ಬೇಡ."

ಐದು ನಿಮಿಷದಲ್ಲಿ ಪಾಸಾಯಿತು. ಅಕ್ರಮ ಕಿಟಕಿಯ ಬಗ್ಗೆ ಅಕ್ಕನಿಗೆ ಒಂದು ಮೆಮೊ ಕೊಡಬೇಕೆಂದು ತೀರ್ಮಾನವಾಯಿತು. ಆ ಮೆಮೊ ಸಹಿಯಾಗಿ ನನ್ನ ಮೇಜಿಗೆ ಬಂದದ್ದು ನಿಜ. ಎಲ್ಲಿ ಹೋಯಿತೆಂದು ನನ್ನನ್ನು ಕೇಳಬೇಡಿ. ಅಕ್ಕ ಎರಡು ಸಲ ಬಂದು, "ನನ್ನ ಮೆಮೊ ಬಂತೇನಪ್ಪ?" ಎಂದು ವಿಚಾರಿಸಿಕೊಂಡು ಹೋದರು.

ಗೋಡೆ ಏಳುವಾಗ ಭಾವ ಮಾಡಿದ್ದನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ, ನಕ್ಕಮೇಲೆ ನನ್ನ ಮೇಲೇ ಸಿಟ್ಟು ಬರುತ್ತದೆ. ಮಂಚದ ಮೇಲಿಂದಲೇ ಆಳುಗಳಿಗೆ ಬೈಗುಳ ಶುರು. "ದಾರ ಹಿಡಿದು ಕಟ್ರಯ್ಯಾ! ಆ ಮೂರನೇ ಇಟ್ಟಿಗೆ ವರಸೆ ನೋಡು, ಹೊಟ್ಟೆ ಬಂದಿದೆ. ತೂಕದ ಗುಂಡು ಇಳಿಬಿಟ್ಟು ನೋಡು." ಮೊದಲು ಆಳುಗಳು ರೇಗಿದರು, ಎರಡನೆಯ ದಿನದಿಂದ ಕಿಟಕಿಗೆ ಬಂದು ಕೇಳಿಕೊಂಡು ಹೋಗತೊಡಗಿದರು.

"ನಿಮಗ್ಯಾಕೆ ಈ ಉಸಾಬರಿ ಭಾವ?" ಎಂದೆ ನಾನು.

"ಅಲ್ವೋ, ಟೀಚರ್ ಆ ಗೋಡೇನ ಹತ್ತುವಾಗ ಇಳಿಯುವಾಗ ನೋಡ್ತಾಳೆ. ನಾನು ದಿನವಿಡೀ ನೋಡಬೇಕು. ಸೊಟ್ಟ ಇದ್ರೆ ಸಾಯೋವರೆಗೂ ಕಣ್ಣಿಗೆ ಚುಚ್ಚತ್ತೆ."

ಬಸ್ ನಿಲ್ದಾಣದ ಕಡೆಯ ಮೂಲೆಯನ್ನು ಮಾತ್ರ ಕೊನೆಗೆ ಕಟ್ಟಿ ಎಂದು ಕೇಳಿಕೊಂಡಿದ್ದರು. ಆಳುಗಳು ಹಾಗೇ ಮಾಡಿದರು. ಕೊನೆಯ ಸಂಜೆ ಒಂದು ಗೇಣು ಜಾಗ ಉಳಿದಿತ್ತು. ಅಷ್ಟರಲ್ಲೇ ಅಕ್ಕನ ಸೀರೆ ಕಂಡು ಟಣ್ ಟಣ್ ಬಡಿದರು. ಮರುದಿನ ಅದೂ ಮುಚ್ಚಿತು. ಊರಿನಲ್ಲಿ ಅಷ್ಟು ನೆಟ್ಟಗಿನ ಗೋಡೆ ಇನ್ನೊಂದಿಲ್ಲ.

ಆಮೇಲೆ ಭಾವ ಗಡಿಯಾರ ನೋಡಿ ಬಡಿಯತೊಡಗಿದರು. ಐದು ನಲವತ್ತಕ್ಕೆ, ಕಾಣಲಿ ಬಿಡಲಿ. ಅಡ್ಡದಾರಿ ಮುಚ್ಚಿದ್ದರಿಂದ ಅಕ್ಕ ಓಣಿ ಸುತ್ತಿ ಬರಬೇಕಿತ್ತು, ಅಲ್ಲಿಗೆ ಆ ಸದ್ದು ಕೇಳಿಸುತ್ತಿರಲಿಲ್ಲ. ಬಸ್ಸು ತಡವಾದ ದಿನವೂ ಭಾವ ಹೊತ್ತಿಗೆ ಸರಿಯಾಗಿ ಬಡಿಯುತ್ತಿದ್ದರು. ಅಕ್ಕ ಒಳಗೆ ಬಂದು, "ಕೇಳಿಸ್ತು ರೀ" ಎನ್ನುತ್ತಿದ್ದರು. ಅವರು ಬಾಳಿನಲ್ಲಿ ಆಡಿದ ಸುಳ್ಳು ಅದೊಂದೇ ಇರಬೇಕು. ಕೋಣೆಯಲ್ಲಿ ಹಗಲಲ್ಲೂ ಲೈಟು. ಭಾವ ಬರಬರುತ್ತಾ ಮಾತು ಕಡಿಮೆ ಮಾಡಿದರು, ಹೇಳಲು ಏನಿತ್ತು, ಕಾಣುವುದೇ ಇಲ್ಲ. ಒಂದೂವರೆ ವರ್ಷಕ್ಕೆ ಹೋಗಿಬಿಟ್ಟರು. ಡಾಕ್ಟರು ಶ್ವಾಸಕೋಶದ ಸೋಂಕು ಎಂದರು. ನಾನು ಡಾಕ್ಟರ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುವರ್ಷ ಅಕ್ಕ ನಿವೃತ್ತರಾದರು. ಮೇಜಿಗೆ ಹೊಸಬರು ಬಂದರು. ಇಪ್ಪತ್ತೆರಡು ವರ್ಷ ಅಕ್ಕ ಕಾದದ್ದು ಇವರಿಗಾಗಿಯೇ ಎಂದುಕೊಂಡು ನಾನು ಡ್ರಾಯರು ಖಾಲಿ ಮಾಡಿಕೊಡಲು ಕೂತೆ. ತಳದಲ್ಲಿ ಆ ಅರ್ಧ ತುಂಬಿದ ಅರ್ಜಿ ಸಿಕ್ಕಿತು. ಅದರೊಳಗೆ ಮಡಚಿಟ್ಟ ಒಂದು ಟ್ರೇಸಿಂಗ್ ಹಾಳೆ. ಬಿಚ್ಚಿದೆ. ಟೀಚರ ಮನೆಯ ನಕ್ಷೆ, ಕೆಂಪು ಪೆನ್ಸಿಲಿನಲ್ಲಿ, ಅಕ್ಕನ ಕೈಬರಹ. ಗೆರೆ ಎಳೆಯದ ಅಕ್ಕ ಎಳೆದ ಗೆರೆಗಳು. ಮೆಟ್ಟಿಲು ಆಚೆ ಬದಿಗೆ ಹೋಗಿತ್ತು. ಈ ಮೂಲೆಯಲ್ಲಿ ಸಣ್ಣ ಅಂಗಳ. ಅಕ್ಕನ ಗೋಡೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಒಂದು ಕಿಟಕಿ. ಕೆಳಗೆ ತಾರೀಕು, ಸಮಿತಿ ಕೂರುವುದಕ್ಕೆ ಮೂರು ದಿನ ಮೊದಲಿನದು. ಅವತ್ತು ಬೆಂಚಿನ ಮೇಲೆ ಕೈಚೀಲವನ್ನು ಅಷ್ಟು ಬಿಗಿಯಾಗಿ ಹಿಡಿದಿದ್ದು ಯಾಕೆಂದು ಆಗ ತಿಳಿಯಿತು.

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಹೇಳಲಾರೆ. ಸೀದಾ ಟೀಚರ ಮನೆಗೆ ಹೋಗಿ ಹಾಳೆಯನ್ನು ಅವರ ಮುಂದೆ ಹರಡಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ನೋಡುತ್ತಾ ಬೆರಳಿಟ್ಟು ಗೇಟಿನಿಂದ ಒಳಗೆ ಹೋದರು.

"ಇದು ನಾನು ಕಟ್ಟಿದ್ದಕ್ಕಿಂತ ಚೆನ್ನಾಗಿದೆಯಲ್ಲ ಸರ್. ಮೆಟ್ಟಿಲು ಆ ಕಡೆ ಇದ್ದಿದ್ರೆ ನಮ್ಮ ಅಡುಗೆಮನೆಗೂ ಬೆಳಕು ಬರ್ತಿತ್ತು. ಈಗ ಹಗಲೇ ಲೈಟು ಹಾಕ್ತೀವಿ. ಅವತ್ತೇ ಕೇಳಿದ್ನಲ್ಲ ನಾನು, ಬದಲಾಯಿಸಬೇಕಾ ಅಂತ. ಖುಷಿಯಿಂದ ಹೀಗೇ ಕಟ್ಟಿಸ್ತಿದ್ದೆ." ಹಾಳೆಯಿಂದ ಕತ್ತೆತ್ತಿ ಕೇಳಿದರು, "ಮೊದಲೆಲ್ಲ ಸಂಜೆ ಮೆಟ್ಟಿಲ ಹತ್ರ ಆಚೆಯಿಂದ ಟಣ್ ಟಣ್ ಅಂತ ಕೇಳ್ತಿತ್ತು. ಅದೇನು ಸರ್?"

ಹಾಳೆ ಮಡಚಿಕೊಂಡು ಎದ್ದೆ.

ಓಣಿ ಸುತ್ತಿ ಅಕ್ಕನ ಮನೆಗೆ ಹೋದೆ. ಮಧ್ಯಾಹ್ನ ನಾಲ್ಕು ಗಂಟೆ, ಕೋಣೆಯಲ್ಲಿ ಲೈಟು ಉರಿಯುತ್ತಿತ್ತು. ಮಂಚ ಅಲ್ಲೇ ಇತ್ತು, ಕರಣೆ ಕಿಟಕಿಯ ಅಡಿಯಲ್ಲಿತ್ತು. ಬೈಯಬೇಕೆಂದೇ ಹೋದವನು ಹಾಳೆಯನ್ನು ಸುಮ್ಮನೆ ಅವರ ಕೈಗೆ ಕೊಟ್ಟೆ. ಅವರು ಬಿಚ್ಚಲೂ ಇಲ್ಲ.

"ಯಾರಿಗೂ ತೋರಿಸಿಲ್ಲ ತಾನೇ?"

"ಇಲ್ಲ ಅಕ್ಕ."

"ಒಳ್ಳೇದಾಯ್ತು. ಆ ಟೀಚರ್ ಪಾಪ ಹೂಂ ಅಂದುಬಿಡೋಳು. ಬೇಡ ಅನ್ನೋಕೆ ಹೇಗಾಗತ್ತೆ ಅವಳಿಗೆ? ಪ್ಲಾನ್ ನೋಡೋಳೇ ಬಂದು ನನ್ನ ಗಂಡನಿಗೋಸ್ಕರ ನಿನ್ನ ಮನೆ ಬದಲಾಯಿಸು ಅಂದ್ರೆ? ಮನಸ್ಸಿಲ್ಲದ ಮನೇಲಿ ಅವಳು ಇರಬೇಕಾಗ್ತಿತ್ತು."

ನಾನು ತಲೆ ಆಡಿಸಿದೆ. ಅವರು ಹಾಳೆಯ ಮಡಿಕೆಯನ್ನು ಉಗುರಿನಿಂದ ತೀಡುತ್ತಾ ಕೂತರು.

"ಇದನ್ನ ಅವರಿಗೆ ಮಾತ್ರ ತೋರಿಸಿದ್ದೆ. ಆ ಮನುಷ್ಯ ನನ್ನನ್ನ ಯಾವತ್ತೂ ಏನೂ ಕೇಳಿದೋರಲ್ಲ. ಅವತ್ತು ಒಂದು ಸಲ ಕೇಳಿದ್ರು. ತಗೊಂಡು ಹೋಗಿ ತೋರಿಸಿ ನೋಡೇ, ಒಂದೇ ಸಲ, ಅಂತ. ನಾನು ಆಗಲ್ಲ ಅಂದೆ. ಮತ್ತೆ ಆ ಮಾತೇ ಎತ್ತಲಿಲ್ಲ." ಅವರ ಕಣ್ಣಿನಿಂದ ನೀರು ಸುಮ್ಮನೆ ಇಳಿಯಿತು, ಒರೆಸಿಕೊಳ್ಳಲಿಲ್ಲ. "ನಾನು ಮಾಡಿದ್ದು ಸರಿ ತಾನೇ? ನೀನು ಮುಖದ ಮೇಲೆ ಹೊಡೆದ ಹಾಗೆ ಹೇಳೋನು. ನೀನೇ ಹೇಳು."

ಟೀಚರು ಬೆರಳಿಟ್ಟು ಗೇಟಿನಿಂದ ಒಳಗೆ ಹೋದದ್ದು ನನ್ನ ಕಣ್ಣಮುಂದೆ ಇತ್ತು. ಖುಷಿಯಿಂದ ಎಂದ ಮಾತು ಇನ್ನೂ ಕಿವಿಯಲ್ಲೇ ಇತ್ತು.

"ಸರಿ ಅಕ್ಕ" ಎಂದೆ. "ಬೇರೆ ಏನು ಮಾಡೋಕಾಗ್ತಿತ್ತು?"

ಅವರು ಉಸಿರು ಬಿಟ್ಟು, ಚಹಾ ಮಾಡುತ್ತೇನೆಂದು ಎದ್ದರು. ಕೋಣೆ ದಾಟುವಾಗ ಅಭ್ಯಾಸಬಲದಿಂದ ಲೈಟು ಆರಿಸಿದರು. ಒಮ್ಮೆಗೇ ಕತ್ತಲಾಯಿತು, ಕಿಟಕಿ ಎಲ್ಲಿದೆ ಎಂದೂ ಗೊತ್ತಾಗಲಿಲ್ಲ. ಅವರು ಅಲ್ಲೇ ನಿಂತು ಗೋಡೆ ತಡವುತ್ತಿರುವುದು ಕೇಳಿಸಿತು. ನಾನು ಎದ್ದು ಹೋಗಿ ಲೈಟು ಹಾಕಿದೆ.